ಮಹಜರಿನಲ್ಲಿ ಇಲ್ಲದ ಹೆಸರು: ಕೊಲಂಬಸನ ಎರಡು ಸಮಾಧಿಗಳ ವಿಚಾರ

1

ಸೆವಿಲ್ ನಗರದ ಕೆಥೀಡ್ರಲಿನ ದಕ್ಷಿಣ ಪಾರ್ಶ್ವದಲ್ಲಿ, ಮತ್ತೇಯೊ ಪೆರೆಸ್ ದೆ ಅಲೇಸಿಯೊ 1584ರಲ್ಲಿ ಬರೆದ ಸಂತ ಕ್ರಿಸ್ಟೋಫರನ ಬೃಹತ್ ಭಿತ್ತಿಚಿತ್ರದ ಸನಿಹದಲ್ಲಿ, ಕೊಲಂಬಸನ ಸಮಾಧಿಯುಂಟು. ಆರ್ತೂರೊ ಮೆಲಿದಾ ರಚಿಸಿದ ಆ ಶಿಲ್ಪದಲ್ಲಿ ಕ್ಯಾಸ್ಟೀಲ್, ಲಿಯೋನ್, ಅರಗೋನ್, ನವಾರ್ ಎಂಬ ನಾಲ್ಕು ರಾಜ್ಯಗಳ ರಾಜದೂತರು ಶವಪೆಟ್ಟಿಗೆಯನ್ನು ಹೆಗಲಮೇಲೆ ಹೊತ್ತು ನಿಂತಿದ್ದಾರೆ. ಮುಂದಿನವರಲ್ಲಿ ಒಬ್ಬನ ಈಟಿ ದಾಳಿಂಬೆಯ ಹಣ್ಣೊಂದನ್ನು ಇರಿದಿರುವುದು ಗ್ರನಾಡಾ ರಾಜ್ಯದ ಪತನವನ್ನು ಸೂಚಿಸುತ್ತದೆ. ದೇಶದೇಶಗಳಿಂದ ಬಂದ ಪ್ರವಾಸಿಗಳು ಮೊದಲು ಇಲ್ಲಿಗೇ ಧಾವಿಸುತ್ತಾರೆ. ನಾನು ಅಲ್ಲಿ ನಿಂತಿದ್ದ ಹೊತ್ತಿನಲ್ಲಿ ಮಾರ್ಗದರ್ಶಿಗಳು ತಮ್ಮ ತಮ್ಮ ಗುಂಪಿಗೆ ಹೇಳುತ್ತಿದ್ದುದು ಒಂದೇ ಮಾತು: ಮೂಳೆಗಳ ಪರೀಕ್ಷೆ ನಡೆದುಹೋಗಿದೆ, ಇಲ್ಲಿರುವವನೇ ಕೊಲಂಬಸ್, ಆದ್ದರಿಂದ ಅಟ್ಲಾಂಟಿಕಿನ ಆಚೆ ಸ್ಯಾಂಟೋ ಡೊಮಿಂಗೊ ನಗರದಲ್ಲಿ ಇರುವವನು ಅವನಲ್ಲ.

ಈ ವಾಕ್ಯದ ಪೂರ್ವಾರ್ಧವನ್ನು ಒಪ್ಪಲು ನನಗೆ ಹೆಚ್ಚಿನ ಅಡ್ಡಿಯಿಲ್ಲ. ಅದರ ಉತ್ತರಾರ್ಧಕ್ಕೆ ಮಾತ್ರ ಆಧಾರವೇ ಇಲ್ಲವೆಂಬುದನ್ನು, ಮತ್ತು ಆ 'ಆದ್ದರಿಂದ' ಎಂಬ ಸಂಬಂಧವು 1878ರಲ್ಲಿ ಮ್ಯಾಡ್ರಿಡಿನ ರಾಯಲ್ ಇತಿಹಾಸ ಅಕಾಡೆಮಿಯ ಪರವಾಗಿ ಮಾನುವೆಲ್ ಕೊಲ್ಮೆಯಿರೊ ಸಿದ್ಧಪಡಿಸಿದ ವರದಿಯಿಂದ ನಮಗೆ ಬಳುವಳಿಯಾಗಿ ಬಂದ ತರ್ಕದೋಷವೆಂಬುದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ. ಅದೇ ವರ್ಷ ಸ್ಯಾಂಟೋ ಡೊಮಿಂಗೊವಿನ ಎಮಿಲಿಯಾನೊ ತೆಹೇರಾ ತನ್ನ ಊರಿನ ಪರವಾಗಿ ಬರೆದ ಗ್ರಂಥವೂ, ವಿದ್ವತ್ತಿನಲ್ಲಿ ಕೊಲ್ಮೆಯಿರೊವಿನ ವರದಿಗಿಂತ ಎಷ್ಟೋ ಮೇಲಾದುದಾದರೂ, ಇದೇ ದೋಷದಿಂದ ಮುಕ್ತವಾಗಿಲ್ಲ. ಕೊಲಂಬಸನ ಅಸ್ಥಿಗಳೆಲ್ಲವೂ ಒಂದೇ ಪೆಟ್ಟಿಗೆಯಲ್ಲಿದ್ದವು, ಆ ಪೆಟ್ಟಿಗೆ ಎರಡರಲ್ಲಿ ಒಂದು ಊರಿನಲ್ಲಿರಲೇಬೇಕು, ಒಂದರ ಜಯವೇ ಇನ್ನೊಂದರ ಸೋಲು ಎಂಬ ಗ್ರಹಿಕೆಯು ಇಬ್ಬರಿಗೂ ಸಮಾನವಾಗಿತ್ತು. ಅವರ ಹಿಂದೆ ಬಂದವರಲ್ಲಿ ಹೆಚ್ಚಿನವರು ಈ ಗ್ರಹಿಕೆಯನ್ನು ಪರೀಕ್ಷಿಸುವ ಗೋಜಿಗೆ ಹೋಗದೆ ಪಕ್ಷವೊಂದನ್ನು ಹಿಡಿದು ಕುಳಿತರು.

ಕೊಲಂಬಸ್ 1506ರಲ್ಲಿ ವಯ್ಯಾದೊಲಿದಿನಲ್ಲಿ ತೀರಿಕೊಂಡುದು, ಅವನ ದೇಹಾವಶೇಷ ಸೆವಿಲಿನ ಲಾ ಕಾರ್ತೂಹಾ ಮಠಕ್ಕೂ, ಅನಂತರ ಸೊಸೆ ಮಾರಿಯಾ ದೆ ತೊಲೇದೊವಿನ ಪ್ರಯತ್ನದಿಂದ, 1537ರ ರಾಜಾಜ್ಞೆಯ ಬಲದಿಂದ, ಸ್ಯಾಂಟೋ ಡೊಮಿಂಗೊವಿನ ಕೆಥೀಡ್ರಲಿಗೂ ಸಾಗಿದುದು ವಾಚಕರಿಗೆ ವಿದಿತವೇ ಇದೆ. ವಿವಾದವಿರುವುದು ಅಲ್ಲಿಂದ ಮುಂದಿನ ಸಂಗತಿಯಲ್ಲಿ.

2

1795ರ ಬಾಸೆಲ್ ಒಪ್ಪಂದದ ಮೂಲಕ ಸ್ಪೇನ್ ದೇಶವು ಸ್ಯಾಂಟೋ ಡೊಮಿಂಗೊ ಇರುವ ದ್ವೀಪದ ತನ್ನ ಭಾಗವನ್ನು ಫ್ರಾನ್ಸಿಗೆ ಬಿಟ್ಟುಕೊಟ್ಟಾಗ, ನೌಕಾಧಿಪತಿ ಗಾಬ್ರಿಯೇಲ್ ದೆ ಆರಿಸ್ತಿಸಾಬಾಲ್ ಎಂಬವನು, ಕೊಲಂಬಸನ ಅಸ್ಥಿಗಳು ಪರರ ಧ್ವಜದ ಕೆಳಗೆ ಉಳಿಯಬಾರದೆಂದು ಅಲ್ಲಿನ ರಾಜ್ಯಪಾಲನಿಗೂ ಮಹಾಧರ್ಮಾಧ್ಯಕ್ಷನಿಗೂ ಪತ್ರ ಬರೆದು, ಡಿಸೆಂಬರ್ 20ರಂದು ಕೆಥೀಡ್ರಲಿನ ನೆಲವನ್ನು ಅಗೆಸಿದನು. ಆ ದಿನ ಬರೆದ ಲೇಖ್ಯವನ್ನು ನಮ್ಮ ಕಚೇರಿಗಳ ಮಾತಿನಲ್ಲಿ ಮಹಜರು ಎಂದೇ ಕರೆಯಬಹುದು. ಈ ಒಂದು ಮಹಜರಿನ ಸುತ್ತ ಬೆಳೆದ ವಾದವಿವಾದಗಳು ಒಂದು ಸಣ್ಣ ಗ್ರಂಥಭಂಡಾರವನ್ನೇ ತುಂಬುವಷ್ಟಿವೆ. ಆದರೂ ಅದನ್ನು ಮಹಜರೆಂದು ಓದಿದವರು ವಿರಳ.

ಅದು ಹೇಳುವುದಿಷ್ಟು. ಪ್ರಧಾನ ಬಲಿಪೀಠದ ಜಗಲಿಯ ಮೇಲೆ, ಶುಭಸಂದೇಶವನ್ನು ಓದುವ ಪಕ್ಕದಲ್ಲಿ, ಅಂದರೆ ಬಲಿಪೀಠವನ್ನು ನೋಡುತ್ತ ನಿಂತವನ ಎಡಗಡೆಗೆ, ಮುಖ್ಯ ಗೋಡೆಗೂ ಪೀಠದ ಮೆಟ್ಟಿಲಿಗೂ ಸಂಬಂಧಿಸಿದ ಎಡೆಯಲ್ಲಿ, ಸುಮಾರು ಒಂದು ವಾರಾ ಉದ್ದಗಲ ಆಳಗಳುಳ್ಳ ಗೋರಿಗುಂಡಿಯೊಂದನ್ನು ತೆರೆಯಲಾಯಿತು. (ವಾರಾ ಎಂದರೆ ಸುಮಾರು 84 ಸೆಂಟಿಮೀಟರ್.) ಅದರೊಳಗೆ ವಾರಾದ ಮೂರನೆಯ ಒಂದು ಪಾಲಿನಷ್ಟು ಉದ್ದದ ಕೆಲವು ಸೀಸದ ತಗಡುಗಳಿದ್ದವು, ಹಿಂದೆ ಅಲ್ಲಿ ಆ ಲೋಹದ ಪೆಟ್ಟಿಗೆಯೊಂದು ಇದ್ದಿತೆಂಬುದನ್ನು ಅವು ಸೂಚಿಸುತ್ತಿದ್ದವು. ಜೊತೆಗೆ ಮೊಳಕಾಲಿನ ಕೆಳಗಿನ ಎಲುಬು ಮೊದಲಾದವುಗಳ ತುಂಡುಗಳಿದ್ದವು. ಅವು ಯಾರೋ ಒಬ್ಬ ಮೃತನವು. ತುಂಡುಗಳನ್ನು ತಟ್ಟೆಯೊಂದರಲ್ಲಿ ಆಯ್ದು ಇರಿಸಿ, ಎಲುಬಿನ ಪುಡಿ ಬೆರೆತಿದ್ದುದರಿಂದ ಅಲ್ಲಿನ ಮಣ್ಣನ್ನೂ ಬಾಚಿಕೊಂಡು, ಎಲ್ಲವನ್ನೂ ಚಿನ್ನದ ಲೇಪವಿದ್ದ ಸೀಸದ ಹೊಸ ಪೆಟ್ಟಿಗೆಯೊಂದರಲ್ಲಿ ಹಾಕಿ ಬೀಗವಿಕ್ಕಲಾಯಿತು. ಇದಾದಮೇಲೆ ಆ ಪೆಟ್ಟಿಗೆಯನ್ನು ರಾಜಮರ್ಯಾದೆಗಳೊಡನೆ ಹಡಗಿಗೆ ಏರಿಸಿದರು. ಅದು 1796ರ ಜನವರಿಯಲ್ಲಿ ಹವಾನಾವನ್ನೂ, ಕ್ಯೂಬಾ ಕೈಬಿಟ್ಟಮೇಲೆ 1899ರ ಜನವರಿಯಲ್ಲಿ ಸೆವಿಲನ್ನೂ ಮುಟ್ಟಿತು. ಇಂದು ನಾಲ್ವರು ದೂತರು ಹೊತ್ತಿರುವುದು ಇದನ್ನೇ.

ಯಾರೋ ಒಬ್ಬ ಮೃತ! ತೆರೆದ ಗುಂಡಿಯಲ್ಲಿ ಕಂಡುದನ್ನು ವರ್ಣಿಸುವ ಆ ಭಾಗದಲ್ಲಿ ಕೊಲಂಬಸನ ಹೆಸರಿಲ್ಲ. ತೆಹೇರಾ ಈ ಒಂದು ಲೋಪವನ್ನು ಹಿಡಿದು, ಅಲ್ಲಿ ನೆರೆದಿದ್ದವರಿಗೇ ತಾವು ಯಾರನ್ನು ಎತ್ತುತ್ತಿದ್ದೇವೆಂಬುದು ತಿಳಿದಿರಲಿಲ್ಲವೆಂದು ವಾದಿಸಿದನು. ಕೊಲ್ಮೆಯಿರೊ ಇದಕ್ಕೆ ಉತ್ತರವಾಗಿ, ಅಷ್ಟು ಜನ ಗಣ್ಯರು ಅಷ್ಟು ವೈಭವದಿಂದ ಸಾಗಿಸಿದ ಅಸ್ಥಿಗಳು ಬೇರೆಯವನವಾಗಿರುವುದು ಅಸಂಭವವೆಂದನು. ಒಂದು ವಾದ ಮೌನಕ್ಕೆ ಅತಿಯಾದ ಅರ್ಥವನ್ನು ಹಚ್ಚುತ್ತದೆ. ಇನ್ನೊಂದು ಮೆರವಣಿಗೆಯನ್ನು ಪ್ರಮಾಣವೆಂದು ಭಾವಿಸುತ್ತದೆ.

ಮಹಜರು ಬರೆಯುವವನ ಧರ್ಮವೇನೆಂಬುದನ್ನು ಬಲ್ಲವರಿಗೆ ಇಲ್ಲಿ ಸಂದೇಹ ಬರಬೇಕಾಗಿಲ್ಲ. ಅವನು ಕಣ್ಣಾರೆ ಕಂಡುದಕ್ಕೆ ಸಾಕ್ಷಿಯೇ ಹೊರತು, ಕಂಡುದು ಯಾರದೆಂಬ ಊಹೆಗೆ ಸಾಕ್ಷಿಯಲ್ಲ. ಎಲುಬಿನ ಮೇಲೆ ಹೆಸರಿರಲಿಲ್ಲ, ತಗಡಿನ ಮೇಲೆ ಬರಹವಿದ್ದಿತೆಂದು ಅವನು ಹೇಳುವುದಿಲ್ಲ. ಆದಕಾರಣ ಅವನು ಹೆಸರನ್ನು ಬರೆಯಲಿಲ್ಲ. ಎತ್ತಬೇಕಾದ ಅಸ್ಥಿ ಯಾರದೆಂಬ ವಿಷಯ ಆರಿಸ್ತಿಸಾಬಾಲನ ಪತ್ರವ್ಯವಹಾರದಲ್ಲಿ ಅಗೆತಕ್ಕೆ ಮೊದಲೇ ಸ್ಪಷ್ಟವಾಗಿತ್ತು. ಹೀಗಿರುವಾಗ ಈ ಮೌನವನ್ನು ಅಜ್ಞಾನವೆಂದು ಓದುವುದು ತೆಹೇರಾನಂಥ ಪ್ರಾಮಾಣಿಕ ವಿದ್ವಾಂಸನಿಗೆ ತಕ್ಕುದಾಗಿರಲಿಲ್ಲ. ಸ್ವದೇಶಾಭಿಮಾನವು ಅವನನ್ನು ಇಲ್ಲಿ ಎಡವಿಸಿತು. ಆದರೆ ಅದೇ ನ್ಯಾಯದಿಂದ, ಮಹಜರು ಸ್ಥಳವನ್ನು ಮಾತ್ರ ಸ್ಥಾಪಿಸುತ್ತದೆ, ವ್ಯಕ್ತಿಯನ್ನು ಸ್ಥಾಪಿಸುವುದಿಲ್ಲ ಎಂಬುದನ್ನು ಕೊಲ್ಮೆಯಿರೊವಿನ ಪಕ್ಷದವರೂ ಒಪ್ಪಬೇಕಾಗುತ್ತದೆ. ಶುಭಸಂದೇಶದ ಪಕ್ಕದಲ್ಲಿ ಗುಂಡಿಯೊಂದು ಸಿಕ್ಕಿತು. ಸಿಕ್ಕಿದೊಡನೆ ಅಗೆತ ನಿಂತಿತು. ಆ ಪಕ್ಕದಲ್ಲಿ ಇನ್ನೊಂದು ಗುಂಡಿ ಇರಬಹುದೇ ಎಂಬ ಪ್ರಶ್ನೆಯನ್ನು ಕೇಳಲು ಅಂದು ಯಾರಿಗೂ ಕಾರಣವಿರಲಿಲ್ಲ.

ಆ ಪ್ರಶ್ನೆ ಎದ್ದುದು 1877ರಲ್ಲಿ. ಪಾದ್ರಿ ಬಿಲ್ಲೀನಿಯ ನೇತೃತ್ವದಲ್ಲಿ ಕೆಥೀಡ್ರಲಿನ ಜೀರ್ಣೋದ್ಧಾರ ನಡೆಯುತ್ತಿದ್ದಾಗ, ಸೆಪ್ಟೆಂಬರ್ 10ರಂದು, 1795ರಲ್ಲಿ ಬರಿದುಮಾಡಿದ ಗುಂಡಿಯ ಪಕ್ಕದಲ್ಲಿಯೇ, ತೆಳುವಾದ ಅಡ್ಡಗೋಡೆಯ ಆಚೆ, ಮುಖ್ಯ ಗೋಡೆಗೆ ಇನ್ನೂ ಹತ್ತಿರವಾಗಿ, ಎರಡನೆಯ ಗುಂಡಿಯೊಂದು ತೆರೆದುಕೊಂಡಿತು. ಅದರಲ್ಲಿ ಸೀಸದ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಎಲುಬುಗಳು, ಮುಚ್ಚಳದ ಒಳಮೈಯಲ್ಲಿ 'ವಿಖ್ಯಾತನೂ ಮಾನ್ಯನೂ ಆದ ಪುರುಷ ಕ್ರಿಸ್ತೋಬಾಲ್ ಕೊಲೋನ್' ಎಂಬ ಅರ್ಥದ ಬರಹ. ಬಿಷಪ್ ರೊಕ್ಕೊ ಕೊಕ್ಕಿಯಾ, ಸರ್ಕಾರದ ಪ್ರಮುಖರು, ವಿದೇಶಗಳ ಪ್ರತಿನಿಧಿಗಳು ಎದುರಿಗೆ ನಿಂತು ನೋಡಿದರು. ಸ್ಪೇನಿನ ಪ್ರತಿನಿಧಿಯಾಗಿದ್ದ ಎಚೆವೆರ್ರಿಯೂ ಅದನ್ನು ನಿಜವೆಂದು ಒಪ್ಪಿ, ಅದರ ಫಲವಾಗಿ ತನ್ನ ಪದವಿಯನ್ನು ಕಳೆದುಕೊಂಡನು.

3

ಈ ಎರಡು ಗುಂಡಿಗಳ ನಡುವಣ ವ್ಯಾಜ್ಯದಲ್ಲಿ ಉಭಯಪಕ್ಷಗಳೂ ಉಲ್ಲೇಖಿಸಿ, ಆದರೆ ಸರಿಯಾಗಿ ತೂಗಿನೋಡದೆ ಬಿಟ್ಟ ಆಧಾರವೊಂದುಂಟು. ಫ್ರೆಂಚ್ ನ್ಯಾಯವಾದಿ ಮೊರೋ ದ ಸೆಂ-ಮೆರಿ ಆ ದ್ವೀಪದ ಸ್ಪ್ಯಾನಿಷ್ ಭಾಗವನ್ನು ವರ್ಣಿಸಿ 1796ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕೊಲಂಬಸನ ಸಮಾಧಿಯ ವಿಷಯವಾಗಿ ತಾನು 1783ರಲ್ಲಿ ವಿಚಾರಿಸಿದಾಗ ಅಲ್ಲಿನ ಅಧಿಪತಿ ಇಸಿದೋರೊ ಪೆರಾಲ್ತಾ ಕಳುಹಿಸಿದ ಉತ್ತರವನ್ನೂ ಕೆಥೀಡ್ರಲಿನ ಅಧಿಕಾರಿಗಳ ಹೇಳಿಕೆಗಳನ್ನೂ ಕೊಟ್ಟಿದ್ದಾನೆ. ಅದೇ ವರ್ಷ ನಡೆದ ದುರಸ್ತಿಯ ಕಾಲದಲ್ಲಿ, ಶುಭಸಂದೇಶದ ಪಕ್ಕದಲ್ಲಿ, ಸುಮಾರು ಒಂದು ವಾರಾ ಎತ್ತರದ, ಒಳಗೆ ಟೊಳ್ಳಾದ ಕಲ್ಲಿನ ಸಂಪುಟವೊಂದು ಕಂಡಿತೆಂದೂ, ಅದರೊಳಗೆ ಸ್ವಲ್ಪ ಜಖಮ್ಮಾದ ಸೀಸದ ಪಾತ್ರೆಯೂ ಅದರಲ್ಲಿ ಮನುಷ್ಯರ ಎಲುಬುಗಳೂ ಇದ್ದವೆಂದೂ, ಎದುರಿನ ಪಕ್ಕದಲ್ಲಿ, ಅಂದರೆ ಪ್ರೇಷಿತರ ಪತ್ರವನ್ನು ಓದುವ ಬಲಗಡೆಯಲ್ಲಿ, ಇಂಥದೇ ಇನ್ನೊಂದು ಇದ್ದಿತೆಂದೂ ಅದರಿಂದ ತಿಳಿಯುತ್ತದೆ.

ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದು, ಒಂದು ವಾರಾ ಎಂಬ ಅಳತೆ. 1783ರ ಸಂಪುಟದ ಅಳತೆಯೂ 1795ರ ಗುಂಡಿಯ ಅಳತೆಯೂ ಒಂದೇ. ಎರಡನೆಯದು, ಬರಹದ ಪ್ರಸ್ತಾಪವಿಲ್ಲದಿರುವುದು. 1877ರ ಪೆಟ್ಟಿಗೆಗೆ ಮುಚ್ಚಳದ ಹೊರಮೈಯಲ್ಲಿಯೂ ಮೂರು ಪಾರ್ಶ್ವಗಳಲ್ಲಿಯೂ ಅಕ್ಷರಗಳಿವೆ. ಅದನ್ನು ಕೈಯಿಂದ ಮುಟ್ಟಿ, ಜಖಮ್ಮಾಗಿದೆಯೆಂದು ಗುರುತಿಸಿದವನ ಕಣ್ಣಿಗೆ ಅವು ಬೀಳದೆ ಹೋಗುವುದು ಕಷ್ಟ. ಆದ್ದರಿಂದ 1783ರಲ್ಲಿ ಕಂಡುದು ಮುಂದೆ 1795ರಲ್ಲಿ ಎತ್ತಿದುದೇ ಆಗಿರಬೇಕು. 1877ರ ಪೆಟ್ಟಿಗೆ ಆಗಲೂ ಅಡ್ಡಗೋಡೆಯ ಆಚೆ ಅಡಗಿಯೇ ಇದ್ದಿತು. 'ಸ್ವಲ್ಪ ಜಖಮ್ಮಾದ' ಪಾತ್ರೆ ಹನ್ನೆರಡು ವರ್ಷಗಳಲ್ಲಿ ಬಿಡಿಬಿಡಿ ತಗಡುಗಳಾಗಿ ಹೋಯಿತೇ ಎಂದು ಕೇಳಬಹುದು. ಶತಮಾನಗಳ ಕಾಲ ಅಲುಗಾಡದೆ ಇದ್ದು, ಒಮ್ಮೆ ತೆರೆದು, ಕಲ್ಲುಮಣ್ಣುಗಳ ನಡುವೆ ಮತ್ತೆ ಮುಚ್ಚಿದ ಜೀರ್ಣವಾದ ಸೀಸವು, ಕೆರೀಬಿಯನ್ ತೀರದ ತೇವದಲ್ಲಿ ಹಾಗಾಗುವುದರಲ್ಲಿ ನನಗೆ ಆಶ್ಚರ್ಯವೇನೂ ಕಾಣುವುದಿಲ್ಲ. ಈ ನಿರ್ಣಯ ಡೊಮಿನಿಕನ್ ಪಕ್ಷಕ್ಕೆ ಪ್ರಿಯವಾದುದಲ್ಲ. ಏಕೆಂದರೆ 1783ರ ಜನ 'ಕೊಲಂಬಸ್' ಎಂದು ತೋರಿಸಿದ ಗುಂಡಿಯನ್ನೇ ಆರಿಸ್ತಿಸಾಬಾಲ್ ಬರಿದುಮಾಡಿದನೆಂದು ಇದರಿಂದ ಆಗುತ್ತದೆ. ಅಪ್ರಿಯವೆಂಬ ಕಾರಣಕ್ಕೆ ಅದನ್ನು ಬಿಡಲಾಗದು.

ಆದರೆ ಆ ಜನರ ಮಾತಿಗೆ ಎಷ್ಟು ಬೆಲೆ ಕೊಡಬೇಕು? ಈ ಪ್ರಶ್ನೆಗೆ ಉತ್ತರ ಶುಭಸಂದೇಶದ ಪಕ್ಕದಲ್ಲಿ ಸಿಕ್ಕುವುದಿಲ್ಲ. ಎದುರಿನ ಪಕ್ಕದಲ್ಲಿ ಸಿಕ್ಕುತ್ತದೆ. ವಿದ್ವಾಂಸರೆಲ್ಲರೂ ಎಡಗಡೆಯ ಎರಡು ಗುಂಡಿಗಳ ಮೇಲೆಯೇ ಕಣ್ಣಿಟ್ಟು, ವಿವಾದವೇ ಇಲ್ಲದ ಬಲಗಡೆಯ ಗುಂಡಿಯನ್ನು ಅಲಕ್ಷಿಸಿದರು. ವಿವಾದವಿಲ್ಲವೆಂಬುದೇ ಅದರ ಪ್ರಯೋಜನ: ಅಲ್ಲಿ ಪರಂಪರೆ ಏನು ಹೇಳಿತೆಂಬುದನ್ನು ಒಳಗೆ ನಿಜವಾಗಿ ಏನಿತ್ತೆಂಬುದರೊಡನೆ ಹೋಲಿಸಿ, ಆ ಪರಂಪರೆಯ ಸತ್ತ್ವವನ್ನು ಅಳೆಯಬಹುದು.

1683ರ ಧರ್ಮಸಭೆಯ ನಿರ್ಣಯಗಳಲ್ಲಿ, ದ್ವೀಪದ ಹಿರಿಯರ ಪರಂಪರೆಯನ್ನು ಆಧಾರವಾಗಿಟ್ಟುಕೊಂಡು, ಕೊಲಂಬಸನ ಅಸ್ಥಿಗಳು ಬಲಿಪೀಠದ ಮೆಟ್ಟಿಲಿನ ಒಂದು ಪಕ್ಕದಲ್ಲಿ ಸೀಸದ ಪೆಟ್ಟಿಗೆಯಲ್ಲಿಯೂ, ಅವನ ಸೋದರ ಲೂಯಿಸನವು ಇನ್ನೊಂದು ಪಕ್ಕದಲ್ಲಿಯೂ ಇವೆಯೆಂದು ಹೇಳಿದೆ. ನೂರು ವರ್ಷ ಕಳೆದು 1783ಕ್ಕೆ ಬಂದರೆ, ಬಲಗಡೆಯಲ್ಲಿರುವವನು ಕೊಲಂಬಸನ ಸೋದರನೆಂದು ಹೇಳುತ್ತಾರೆ. ಆದರೆ ಅವನು ಬಾರ್ತೊಲೊಮೆಯೋ ದಿಯೇಗೊವೋ ಎಂಬುದು ಅವರಿಗೆ ತಿಳಿಯದು. 1877ರ ಮೇ ತಿಂಗಳಲ್ಲಿ ಬಲಗಡೆಯ ಪೆಟ್ಟಿಗೆ ಹೊರಬಂದಾಗ, ಅದರ ಮೇಲಿದ್ದ ಬರಹ ವೆರಾಗುವಾದ ಡ್ಯೂಕ್ ಆಗಿದ್ದ ಲೂಯಿಸ್ ಕೊಲೋನನದು. ಇವನು ಕೊಲಂಬಸನ ಸೋದರನಲ್ಲ, ಮೊಮ್ಮಗ. 1572ರಲ್ಲಿ ಗಡೀಪಾರಾಗಿ ಓರಾನಿನಲ್ಲಿದ್ದಾಗ ಸತ್ತವನು. 

ಪರಂಪರೆ ಸವೆದ ಕ್ರಮ ಇಲ್ಲಿ ಎಷ್ಟು ಸ್ಪಷ್ಟವಾಗಿದೆ ನೋಡಿ. 1683ರಲ್ಲಿ ಹೆಸರು ಸರಿ, ನಂಟು ತಪ್ಪು. 1783ರಲ್ಲಿ ತಪ್ಪಾದ ನಂಟು ಮಾತ್ರ ಉಳಿದು, ಸರಿಯಾದ ಹೆಸರು ಅಳಿದುಹೋಯಿತು. ಆ ತಪ್ಪು ನಂಟಿಗೆ ಹೊಂದುವ ಹೊಸ ಹೆಸರುಗಳನ್ನು ಜನ ಊಹಿಸತೊಡಗಿದರು. ಎರಡು ಕಾಲದಲ್ಲಿಯೂ ಕೆಡದೆ ಉಳಿದುದು ಒಂದೇ: ಬಲಗಡೆಯಲ್ಲಿ ಕೊಲಂಬಸನ ಮನೆತನದವನೊಬ್ಬನು ಇದ್ದಾನೆ ಎಂಬ ಸ್ಥಳಜ್ಞಾನ. ಅಂದಮೇಲೆ ಎಡಗಡೆಯ ವಿಷಯದಲ್ಲಿಯೂ ಪರಂಪರೆಯಿಂದ ನಾವು ನಿರೀಕ್ಷಿಸಬಹುದಾದುದು ಇಷ್ಟೇ: ಪಕ್ಕ ಸರಿಯಾಗಿರುತ್ತದೆ, ಮನೆತನ ಸರಿಯಾಗಿರುತ್ತದೆ; ಆ ಪಕ್ಕದಲ್ಲಿ ಎಷ್ಟು ಗುಂಡಿಗಳು, ಯಾವುದರಲ್ಲಿ ಯಾರು ಎಂಬ ಸೂಕ್ಷ್ಮವನ್ನು ಅದರಿಂದ ಕೇಳಬಾರದು.

ಪಕ್ಕ ಸರಿಯೆಂಬುದಕ್ಕೆ ಇನ್ನೂ ಹಿಂದಿನ ಸಾಕ್ಷ್ಯವೂ ಉಂಟು. 1655ರಲ್ಲಿ ಪೆನ್ ಮತ್ತು ವೆನೆಬಲ್ಸ್ ಎಂಬವರ ಇಂಗ್ಲಿಷ್ ದಂಡು ಊರಿನ ಮೇಲೆ ಏರಿಬಂದಾಗ, ಮಹಾಧರ್ಮಾಧ್ಯಕ್ಷ ಫ್ರಾನ್ಸಿಸ್ಕೊ ಪೀಯೊ ಗೋರಿಗಳ ಗುರುತುಗಳನ್ನು ಮುಚ್ಚಿಬಿಡಬೇಕೆಂದು ಬರೆದು, ವಿಶೇಷವಾಗಿ ಶುಭಸಂದೇಶದ ಪಕ್ಕದಲ್ಲಿರುವ ಹಿರಿಯ ನೌಕಾಧಿಪತಿಯ, ಅಂದರೆ ಕೊಲಂಬಸನ, ಗೋರಿಯನ್ನು ಹೆಸರಿಸಿದನು. 1586ರಲ್ಲಿ ಡ್ರೇಕ್ ನಗರವನ್ನು ಸೂರೆಗೊಂಡಿದ್ದ ನೆನಪಿನ್ನೂ ಇದ್ದಿತು. ಮೇಲಿನ ಗುರುತುಗಳು ಹೀಗೆ ಮರೆಯಾದಮೇಲೆ, ಒಳಗಿನ ವಿವರಗಳು ಹಿರಿಯರ ಬಾಯಲ್ಲಿ ಸವೆಯದೆ ಉಳಿಯುವುದು ಹೇಗೆ ಸಾಧ್ಯ?

4

ಕೊಲ್ಮೆಯಿರೊವಿನ ವರದಿಯಲ್ಲಿ ಅತ್ಯಂತ ಪ್ರಸಿದ್ಧವಾದ ಆಕ್ಷೇಪವು 1877ರ ಪೆಟ್ಟಿಗೆಯ ಬರಹಕ್ಕೆ ಸಂಬಂಧಿಸಿದುದು. ಮುಚ್ಚಳದ ಹೊರಗಣ ಸಂಕ್ಷಿಪ್ತಾಕ್ಷರಗಳನ್ನು 'ಅಮೆರಿಕವನ್ನು ಕಂಡುಹಿಡಿದವನು, ಮೊದಲನೆಯ ನೌಕಾಧಿಪತಿ' ಎಂದು ಎಲ್ಲರೂ ಬಿಡಿಸಿದ್ದಾರೆ. ಹದಿನಾರನೆಯ ಶತಮಾನದ ಸ್ಪೇನಿನವರು ಆ ಭೂಭಾಗವನ್ನು 'ಇಂಡಿಯಾಗಳು' ಎಂದು ಕರೆಯುತ್ತಿದ್ದರು. ಕೊಲಂಬಸನ ಮನೆಯವರು ವೆಸ್ಪುಚ್ಚಿಯ ಹೆಸರನ್ನು ಅವನ ಪೆಟ್ಟಿಗೆಯ ಮೇಲೆ ಕೆತ್ತಿಸುವುದು ಸಾಧ್ಯವಿಲ್ಲ. ಆದ್ದರಿಂದ ಬರಹ ಖೋಟಾ, ಪೆಟ್ಟಿಗೆ ಖೋಟಾ, ಬಿಷಪ್ಪನೋ ಅವನ ಕಡೆಯವರೋ ಖೋಟಾ ಮಾಡಿದವರು. ಇದು ಅಕಾಡೆಮಿಯ ವಾದಸರಣಿ.

ಆಕ್ಷೇಪದ ಮೊದಲ ಭಾಗ ಸಾಧುವಾದುದು. ಬರಹ 1540ರ ಸುಮಾರಿನದಲ್ಲವೆಂದು ನಾನೂ ಒಪ್ಪುತ್ತೇನೆ. ಆದರೆ ಅಲ್ಲಿಂದ ಖೋಟಾ ಎಂಬ ನಿರ್ಣಯಕ್ಕೆ ಹಾರುವುದು ಶಾಸನಗಳೊಡನೆ ಒಡನಾಡಿದವರು ಮಾಡತಕ್ಕ ಕೆಲಸವಲ್ಲ. ಗಂಗರ ತಾಮ್ರಪಟಗಳಲ್ಲಿ ಹಲವನ್ನು ಫ್ಲೀಟರು ಕೂಟಶಾಸನಗಳೆಂದು ತಳ್ಳಿಹಾಕಿದಾಗ, ರೈಸರು ಅವುಗಳ ಪರವಾಗಿ ನಿಂತು ವಾದಿಸಿದ ಇತಿಹಾಸವನ್ನು ಬಲ್ಲ ಕನ್ನಡಿಗರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಲಿಪಿ ಈಚಿನದಾದ ಮಾತ್ರಕ್ಕೆ ವಿಷಯ ಸುಳ್ಳಾಗುವುದಿಲ್ಲ. ಹಳೆಯ ದಾನವನ್ನು ಹೊಸ ತಗಡಿನ ಮೇಲೆ ಬರೆಸುವುದು ಎಲ್ಲ ದೇಶಗಳಲ್ಲಿಯೂ ನಡೆದ ಪದ್ಧತಿ. ಬಲಿಪೀಠದ ಜಗಲಿ ಕಾಲಕಾಲಕ್ಕೆ ದುರಸ್ತಿಯಾಗುತ್ತಿದ್ದಿತು. ಹಳೆಯ ಪೆಟ್ಟಿಗೆ ಶಿಥಿಲವಾದಾಗ ಯಾರೋ ಭಕ್ತಿವಂತರು ಎಲುಬುಗಳನ್ನು ಹೊಸ ಸೀಸದ ಪೆಟ್ಟಿಗೆಗೆ ತುಂಬಿ, ತಮ್ಮ ಕಾಲದ ಮಾತಿನಲ್ಲಿ ಹೆಸರನ್ನು ಬರೆಸಿರಬಹುದು. ಹದಿನೇಳನೆಯ ಶತಮಾನದವನೊಬ್ಬನಿಗೆ 'ಅಮೆರಿಕ' ಎಂಬ ಹೆಸರು ಅಪರಿಚಿತವಾಗಿರಲಿಲ್ಲ. ಪೆಟ್ಟಿಗೆಯ ಕಾಲ ಬೇರೆ, ಎಲುಬಿನ ಕಾಲ ಬೇರೆ ಎಂಬ ಈ ಸರಳವಾದ ಸಾಧ್ಯತೆಯನ್ನು ಅಕಾಡೆಮಿ ಗಂಭೀರವಾಗಿ ಪರಿಗಣಿಸಿದ್ದರೆ, ಮಾನ್ಯನಾದ ಧರ್ಮಾಧಿಕಾರಿಯೊಬ್ಬನ ಮೇಲೆ ವಂಚನೆಯ ಆರೋಪವನ್ನು ಹೊರಿಸುವ ಅಗತ್ಯ ಬೀಳುತ್ತಿರಲಿಲ್ಲ. ಆಧಾರವಿಲ್ಲದೆ ಅಂಥ ಆರೋಪ ಮಾಡಿದುದನ್ನು ನಾನು ಅಕಾಡೆಮಿಯ ಕೀರ್ತಿಗೆ ಕಳಂಕವೆಂದೇ ಎಣಿಸುತ್ತೇನೆ.

ಇದೇ ಮಾತನ್ನು 1878ರ ಜನವರಿಯಲ್ಲಿ, ಪೆಟ್ಟಿಗೆಯ ಮರುಪರೀಕ್ಷೆಯ ಕಾಲದಲ್ಲಿ ಸಿಕ್ಕಿದ ಸಣ್ಣ ಬೆಳ್ಳಿಯ ತಗಡಿನ ಪರವಾಗಿ ಆಡಲಾರೆ. ಅದರ ಮೇಲಿನ ಸಂಕ್ಷಿಪ್ತ ಬರಹವನ್ನು ಕೊಲಂಬಸನ ಅಸ್ಥಿಗಳ 'ಒಂದು ಭಾಗ' ಎಂದೂ 'ಕೊನೆಯ ಭಾಗ' ಎಂದೂ ಬೇರೆ ಬೇರೆಯಾಗಿ ಬಿಡಿಸಿದ್ದಾರೆ. ನನ್ನ ವಾದಕ್ಕೆ 'ಒಂದು ಭಾಗ' ಎಂಬುದು ಎಷ್ಟೋ ಅನುಕೂಲ. ಆದರೆ ಮೊದಲ ದಿನ ಅಷ್ಟು ಜನರ ಕಣ್ಣಿಗೆ ಬೀಳದೆ, ತಿಂಗಳುಗಳು ಕಳೆದಮೇಲೆ ಕಾಣಿಸಿಕೊಂಡ ವಸ್ತುವನ್ನು ಆಧಾರವಾಗಿ ಹಿಡಿಯುವುದು ಯುಕ್ತವಲ್ಲವಾದ್ದರಿಂದ, ಅದನ್ನು ಬದಿಗಿಟ್ಟೇ ಮುಂದುವರಿಯುತ್ತೇನೆ.

5

ಇನ್ನು ನಮ್ಮ ಕಾಲದ ಪರೀಕ್ಷೆಗಳ ವಿಚಾರ. 2003ರಲ್ಲಿ ಸೆವಿಲಿನ ಪೆಟ್ಟಿಗೆಯನ್ನು ತೆರೆದು, ಗ್ರನಾಡಾ ವಿಶ್ವವಿದ್ಯಾಲಯದ ಹೊಸೆ ಆಂತೋನಿಯೊ ಲೊರೆಂತೆಯವರ ತಂಡವು ಎಲುಬುಗಳ ವಂಶಧಾತುವನ್ನು, ಅಂದರೆ ಡಿ.ಎನ್.ಎ.ಯನ್ನು, ಪರೀಕ್ಷೆಗೆ ತೆಗೆದುಕೊಂಡಿತು. ಪೆಟ್ಟಿಗೆಯಲ್ಲಿದ್ದ ಎಲುಬಿನ ತುಂಡುಗಳ ತೂಕ ಸುಮಾರು 150 ಗ್ರಾಂ. ಪೂರ್ಣ ಅಸ್ಥಿಪಂಜರದ ತೂಕ ಕಿಲೋಗಳ ಲೆಕ್ಕದ್ದೆಂಬುದನ್ನು ಇಲ್ಲಿ ಮರೆಯಬಾರದು. ತಾಯಿಯಿಂದ ಮಕ್ಕಳಿಗೆ ಮಾತ್ರ ಇಳಿಯುವ ಮೈಟೊಕಾಂಡ್ರಿಯದ ಡಿ.ಎನ್.ಎ.ಯು, ಲಾ ಕಾರ್ತೂಹಾದಲ್ಲಿ ಸಿಕ್ಕಿದ ಸೋದರ ದಿಯೇಗೊವಿನದೆಂದು ಹೇಳುವ ಎಲುಬಿನ ಡಿ.ಎನ್.ಎ.ಯೊಡನೆ ಹೊಂದುತ್ತದೆಂದು 2006ರಲ್ಲಿ ಪ್ರಕಟವಾಯಿತು.

ಈ ಫಲಿತಾಂಶ ಏನನ್ನು ಸಾಧಿಸುತ್ತದೆಂಬುದನ್ನು ಜನಪ್ರಿಯ ಬರಹಗಳು ಬಿಡಿಸಿ ಹೇಳಿಲ್ಲ. 1795ರಲ್ಲಿ ಎತ್ತಿದುದು ಕೊಲಂಬಸನ ಮಗನಾದ ದಿಯೇಗೊವಿನ ಅಸ್ಥಿ ಎಂಬುದು ತೆಹೇರಾನ ಪಕ್ಷ. ಮಗ ದಿಯೇಗೊವಿನ ತಾಯಿ ಪೋರ್ಚುಗಲಿನ ಫೆಲಿಪಾ ಮೊನಿಜ್; ಕೊಲಂಬಸನ ಮತ್ತು ಅವನ ಸೋದರರ ತಾಯಿ ಸುಸಾನಾ ಫೊಂತಾನರೊಸ್ಸಾ. ಆದ್ದರಿಂದ ತಂದೆಮಕ್ಕಳನ್ನು ಬೇರ್ಪಡಿಸಲು ಮಾತೃಧಾತುವಿನ ಪರೀಕ್ಷೆಗಿಂತ ಯೋಗ್ಯವಾದುದು ಇಲ್ಲ. ಹೊಂದಿಕೆ ನಿಜವಾದರೆ, ಸೆವಿಲಿನ ಎಲುಬು ಮಗನದಲ್ಲ. ತೆಹೇರಾನ ಊಹೆ ಇಲ್ಲಿಗೆ ಬಿತ್ತು. ಆದರೆ ಅದೇ ಮಾತೃಧಾತು ಸೋದರ ಬಾರ್ತೊಲೊಮೆಯಲ್ಲಿಯೂ ಇದ್ದಿರಲೇಬೇಕಷ್ಟೆ. ಅವನು ಸ್ಯಾಂಟೋ ಡೊಮಿಂಗೊದಲ್ಲಿಯೇ ಸತ್ತವನು. ಅವನ ಗೋರಿ ಫ್ರಾನ್ಸಿಸ್ಕನ್ ಮಠದಲ್ಲಿದ್ದಿತೆಂಬುದರಿಂದ ಈ ಸಂದೇಹ ದುರ್ಬಲವಾಗುತ್ತದೆ. ಪೂರ್ತಿಯಾಗಿ ಅಳಿಯಲು ತಂದೆಯಿಂದ ಮಗನಿಗೆ ಇಳಿಯುವ ಧಾತುವಿನ ಹೋಲಿಕೆ ಬೇಕು.

ಅದಕ್ಕೆ ಬೇಕಾದ ಮನುಷ್ಯ ಸೆವಿಲಿನ ಇದೇ ಕೆಥೀಡ್ರಲಿನಲ್ಲಿದ್ದಾನೆ. ಪಶ್ಚಿಮದ ಮಹಾದ್ವಾರದ ಕಡೆಗೆ, ನಡುಹಜಾರದ ನೆಲದಲ್ಲಿ, ಹಡಗುಗಳನ್ನು ಬಿಡಿಸಿದ ಚಪ್ಪಡಿಯೊಂದರ ಕೆಳಗೆ ಕೊಲಂಬಸನ ಕಿರಿಯ ಮಗ ಎರ್ನಾಂಡೊ ಕೊಲೋನ್ 1539ರಿಂದ ಮಲಗಿದ್ದಾನೆ. ತನ್ನ ಕಾಲದ ಯೂರೋಪಿನ ಮಹಾ ಗ್ರಂಥಸಂಗ್ರಹಗಳಲ್ಲಿ ಒಂದನ್ನು ಕಟ್ಟಿದವನು ಇವನು; ಅದರ ಉಳಿದ ಭಾಗ ಇಂದಿಗೂ ಕೆಥೀಡ್ರಲಿನ ಆಶ್ರಯದಲ್ಲಿಯೇ ಇದೆ. ರಾಜದೂತರ ಮುಂದೆ ನೂಕುನುಗ್ಗಲು. ಈ ಚಪ್ಪಡಿಯ ಬಳಿ ನಾನು ಬರಹವನ್ನು ಓದುತ್ತ ಬಾಗಿದ್ದಷ್ಟು ಕಾಲ ಯಾರೂ ನಿಲ್ಲಲಿಲ್ಲ. ಆದರೆ ಆ ಮಂದಿರದಲ್ಲಿ ಕೊಲಂಬಸನ ಮನೆತನದವನದೆಂದು ಯಾರೂ ಎಂದೂ ಸಂದೇಹಿಸದ ಸಮಾಧಿ ಇದೊಂದೇ. ಸಂದೇಹಗ್ರಸ್ತವಾದ ಇನ್ನೊಂದಕ್ಕೆ ಪ್ರಮಾಣ ದೊರೆಯಬೇಕಾದುದೂ ಇದರಿಂದಲೇ. ಎರ್ನಾಂಡೊವಿನ ಎಲುಬಿನ ಸಹಾಯದಿಂದ ಸೆವಿಲಿನ ಅಸ್ಥಿಗಳು ಕೊಲಂಬಸನವೇ ಎಂಬುದು ದೃಢಪಟ್ಟಿತೆಂದು 2024ರ ಅಕ್ಟೋಬರಿನಲ್ಲಿ ಲೊರೆಂತೆಯವರು ಸಾರಿದರು. ಸಾರಿದುದು ದೂರದರ್ಶನದ ಸಾಕ್ಷ್ಯಚಿತ್ರದೊಂದಿಗೆ. ಇಷ್ಟು ಗುರುತರವಾದ ವಿಷಯವನ್ನು ಮೊದಲು ಸಹವಿದ್ವಾಂಸರ ಪರಿಶೀಲನೆಗೆ ಒಪ್ಪಿಸಿ ಅನಂತರ ಜನರ ಮುಂದಿಡುವುದು ಶಾಸ್ತ್ರಮರ್ಯಾದೆಯೆಂದು ನನ್ನ ದೃಢವಾದ ಅಭಿಪ್ರಾಯ. ಆದರೂ ನನ್ನ ವಾದಕ್ಕಾಗಿ ಫಲಿತಾಂಶವನ್ನು ನಾನು ಪೂರ್ತಿಯಾಗಿ ಒಪ್ಪಿಕೊಳ್ಳುತ್ತೇನೆ.

ಒಪ್ಪಿಕೊಂಡರೆ ಏನಾಯಿತು? ಸೆವಿಲಿನ ಪೆಟ್ಟಿಗೆಯಲ್ಲಿ ಕೊಲಂಬಸನ ದೇಹದ ಅತ್ಯಲ್ಪ ಭಾಗವೊಂದು ಇದೆಯೆಂದಾಯಿತು. ಮಹಜರಿನ ವರ್ಣನೆಯೂ ತುಂಡುಗಳು, ತಗಡುಗಳು, ಬಾಚಿದ ಮಣ್ಣು ಎಂದೇ ಇದೆ. ಉಳಿದ ದೇಹ ಮಣ್ಣಾಗಿ ಹೋಗಿರಬಹುದು. ಅಥವಾ, ಜೀರ್ಣವಾಗುತ್ತಿದ್ದ ಪೆಟ್ಟಿಗೆಯಿಂದ ದೊಡ್ಡ ಎಲುಬುಗಳನ್ನು ಎತ್ತಿ ಪಕ್ಕದ ಗುಂಡಿಯ ಹೊಸ ಪೆಟ್ಟಿಗೆಗೆ ಸೇರಿಸಿ, ಅದರ ಮೇಲೆ ಹೆಸರು ಬರೆಸಿ, ಹಳೆಯ ಗುಂಡಿಯಲ್ಲಿ ಚೂರುಗಳನ್ನು ಬಿಟ್ಟಿರಬಹುದು. ಹೊಸ ಪೆಟ್ಟಿಗೆಯ ಈಚಿನ ಬರಹ, ಹಳೆಯ ಗುಂಡಿಯ ಬರಿಯ ಚೂರುಗಳು, ಎರಡು ಗುಂಡಿಗಳ ನಡುವಣ ತೆಳುವಾದ ಅಡ್ಡಗೋಡೆ, ಪಕ್ಕವನ್ನು ಮಾತ್ರ ನೆನಪಿಟ್ಟ ಪರಂಪರೆ: ಈ ನಾಲ್ಕೂ ಎರಡನೆಯ ಕಲ್ಪನೆಯಲ್ಲಿ ಒಂದಕ್ಕೊಂದು ಹೊಂದುತ್ತವೆ. ಕೊಲ್ಮೆಯಿರೊವಿನ ಪಕ್ಷ ಹಿಡಿದರೆ ಬಿಷಪ್ಪನನ್ನು ವಂಚಕನೆನ್ನಬೇಕು. ತೆಹೇರಾನ ಪಕ್ಷ ಹಿಡಿದರೆ ವಂಶಧಾತುವಿನ ಸಾಕ್ಷ್ಯವನ್ನು ತಳ್ಳಬೇಕು. ವಿಭಾಗವಾಯಿತೆಂಬ ಪಕ್ಷಕ್ಕೆ ಈ ಎರಡರ ಅಗತ್ಯವೂ ಇಲ್ಲ. ಹೊಂದಿಕೆ ಸಿದ್ಧಿಯಲ್ಲವೆಂಬುದನ್ನು ನಾನು ಬಲ್ಲೆ. ಇದನ್ನು ಸಂಭಾವ್ಯವೆಂದು ಮಾತ್ರ ಹೇಳುತ್ತೇನೆ.

ಸಿದ್ಧಿಗೆ ದಾರಿಯೂ ಉಂಟು. 1877ರ ಪೆಟ್ಟಿಗೆಯನ್ನು 1992ರಲ್ಲಿ ಸ್ಯಾಂಟೋ ಡೊಮಿಂಗೊವಿನ ಕೊಲಂಬಸ್ ದೀಪಸ್ತಂಭವೆಂಬ ಶಿಲುಬೆಯಾಕಾರದ ಮಹಾಸ್ಮಾರಕಕ್ಕೆ ಒಯ್ದಿಟ್ಟಿದ್ದಾರೆ. ಅದರ ವಂಶಧಾತುಪರೀಕ್ಷೆಗೆ ಅಲ್ಲಿನ ಅಧಿಕಾರಿಗಳು ಸಮ್ಮತಿಸಿಲ್ಲ; ಪೂಜ್ಯರ ಅಸ್ಥಿಗಳನ್ನು ಮತ್ತೆ ಮತ್ತೆ ಕೆದಕಬಾರದೆಂಬ ಭಾವನೆಯನ್ನು ನಾನು ಗೌರವಿಸುತ್ತೇನೆ. ಆದರೆ ಎಲುಬನ್ನು ಕೊರೆಯದೆ ಮಾಡಬಹುದಾದ ಪರೀಕ್ಷೆಯೊಂದಿದೆ. ಸೆವಿಲಿನಲ್ಲಿರುವ ತುಂಡುಗಳು ದೇಹದ ಯಾವ ಯಾವ ಎಲುಬಿನ ಯಾವ ಯಾವ ಭಾಗವೆಂದು ಪಟ್ಟಿ ಮಾಡಿ, ಸ್ಯಾಂಟೋ ಡೊಮಿಂಗೊವಿನ ಪಟ್ಟಿಯೊಡನೆ ಹೋಲಿಸಿದರೆ ಸಾಕು. ಒಂದೇ ಎಲುಬಿನ ಒಂದೇ ಭಾಗ ಎರಡು ಕಡೆಯೂ ಇದ್ದರೆ ಮೃತರು ಇಬ್ಬರು, ನನ್ನ ಪಕ್ಷ ಬೀಳುತ್ತದೆ. ಒಂದೆಡೆ ಇಲ್ಲದ್ದು ಮಾತ್ರ ಇನ್ನೊಂದೆಡೆ ಇದ್ದರೆ, ವಿಭಾಗದ ಪಕ್ಷಕ್ಕೆ ಬಲ ಬಂದು, ಮುಂದಿನ ಪರೀಕ್ಷೆಯನ್ನು ಕೋರಲು ನ್ಯಾಯವಾದ ಕಾರಣ ದೊರೆಯುತ್ತದೆ. ಎರಡು ದೇಶಗಳ ಅಂಗರಚನಾಶಾಸ್ತ್ರಜ್ಞರು ಒಂದು ಮೇಜಿನ ಸುತ್ತ ಕುಳಿತು ಮಾಡಬಹುದಾದ ಈ ಕೆಲಸವನ್ನು ಬಿಟ್ಟು, ಒಬ್ಬರು ವಿಜಯಘೋಷವನ್ನೂ ಇನ್ನೊಬ್ಬರು ನಿರಾಕರಣೆಯನ್ನೂ ಆಶ್ರಯಿಸಿರುವುದು ಶೋಚನೀಯ.

ಅದು ನಡೆಯುವವರೆಗೆ ಇತಿಹಾಸಕಾರನು ಬರೆಯಬಹುದಾದ ವಾಕ್ಯಗಳು ಎರಡೇ: ಸೆವಿಲಿನಲ್ಲಿ ಕೊಲಂಬಸನ ಅಸ್ಥಿಗಳ ಒಂದು ಭಾಗವಿದೆ, ಸ್ಯಾಂಟೋ ಡೊಮಿಂಗೊವಿನ ಪೆಟ್ಟಿಗೆ ಸುಳ್ಳೆಂದು ಯಾರೂ ಇದುವರೆಗೆ ತೋರಿಸಿಲ್ಲ. ಈ ಎರಡರ ನಡುವೆ 'ಆದ್ದರಿಂದ' ಎಂಬ ಮಾತನ್ನು ಸೇರಿಸುವ ಅಧಿಕಾರವನ್ನು 1795ರ ಮಹಜರಾಗಲಿ 2024ರ ಪ್ರಯೋಗಶಾಲೆಯಾಗಲಿ ನಮಗೆ ಕೊಟ್ಟಿಲ್ಲ.